ಮಂಗನ ಕಾಯಿಲೆಗೆ ಲಸಿಕೆ ಯಾಕಿಲ್ಲ ಅಂತ ಕೇಳ್ತಾ ಹೋದ್ರೆ ಬಜೆಟ್‌ಗೇ ಬಂದು ನಿಲ್ತೀವಿ

ಡಿಸೆಂಬರ್ ಬಂತು ಅಂದ್ರೆ ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಕಾಡಂಚಿನ ಮನೆಗಳಲ್ಲಿ ಒಂದು ಚಿಕ್ಕ ಬಾಟ್ಲಿ ಕಾಣಿಸ್ಕೊಳ್ಳುತ್ತೆ. ಆಶಾ ಕಾರ್ಯಕರ್ತೆಯರು ಕೊಟ್ಟು ಹೋಗಿರೋ ಡೇಪಾ ಎಣ್ಣೆ. ನಮ್ಮ ದೊಡ್ಡಮ್ಮ ಅದನ್ನ ಹಿಂದಿನ ಬಾಗಿಲ ಪಕ್ಕ, ಕತ್ತಿ ಇಡೋ ಗೂಡಲ್ಲೇ ಇಟ್ಟಿರ್ತಾರೆ, ಸೊಪ್ಪಿನ ಬೆಟ್ಟಕ್ಕೆ ಹೊರಡೋ ಮುಂಚೆ ಕೈಗೆ ಕಾಲಿಗೆ ಕುತ್ತಿಗೆಗೆ ಸವರ್ಕೊಂಡು ಹೋಗ್ತಾರೆ, ವಾಪಸ್ ಬಂದ ತಕ್ಷಣ ಸೀದಾ ಬಚ್ಚಲಿಗೆ, ಬಿಸಿನೀರು ಸ್ನಾನ, ಉಟ್ಟಿದ್ದ ಬಟ್ಟೆನೂ ಬಿಸಿನೀರಿಗೆ. ಮಂಗನ ಕಾಯಿಲೆ ಹರಡೋ ಉಣುಗು (ಉಣ್ಣಿ) ಕಚ್ಚಬಾರದು ಅಂತ ಇಷ್ಟೆಲ್ಲ. ಕೊಟ್ಟಿಗೆಗೆ ತರಗೆಲೆ ಬೇಕು, ತೋಟಕ್ಕೆ ಸೊಪ್ಪು ಬೇಕು, ಒಲೆಗೆ ಸೌದೆ ಬೇಕು, ಕಾಡಿಗೆ ಹೋಗ್ಬೇಡಿ ಅಂದ್ರೆ ಆಗೋ ಮಾತಲ್ಲ.

ಒಂದು ಸಲ ಅವ್ರು ಕೇಳಿದ್ರು, ಕೊರೋನಾಗೆ ಒಂದೇ ವರ್ಷಕ್ಕೆ ಇಂಜೆಕ್ಷನ್ ಬಂತಲ್ಲ ಮಾರಾಯ, ಇದು ನಾನು ಹುಟ್ಟಿದಾಗಿಂದ ಇದೆ, ಇದಕ್ಯಾಕೆ ಇಲ್ಲ ಅಂತ. ಆವಾಗ ಏನೋ ಹಾರಿಕೆ ಉತ್ತರ ಕೊಟ್ಟು ಸುಮ್ಮನಾದೆ. ಆದ್ರೆ ಆ ಪ್ರಶ್ನೆ ತಲೇಲೇ ಉಳ್ಕೊಂಡು, ಓದ್ತಾ ಓದ್ತಾ ಹೋದ್ರೆ ಇದು ಬರೀ ವೈರಸ್ ಕಥೆ ಅಲ್ಲ, ಸರ್ಕಾರ ಸಂಶೋಧನೆಗೆ ದುಡ್ಡು ಹೇಗೆ ಕೊಡುತ್ತೆ ಅನ್ನೋದ್ರ ಕಥೆ ಅಂತ ಗೊತ್ತಾಯ್ತು. ಅದಕ್ಕೇ ಇದನ್ನ ಬರೀತಿದೀನಿ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋಕೆ ಶುರುವಾಯ್ತು, ಅದ್ರ ಬೆನ್ನಿಗೇ ಜನಕ್ಕೂ ಜ್ವರ ಹತ್ಕೊಳ್ತು. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನವ್ರು ಬಂದು ಸ್ಯಾಂಪಲ್ ತಗೊಂಡು, ಇದು ಜಗತ್ತಿಗೇ ಹೊಸ ವೈರಸ್ ಅಂತ ಪತ್ತೆ ಮಾಡಿದ್ರು, ಉಣುಗಿನಿಂದ ಹರಡುತ್ತೆ ಅಂತಾನೂ ಗೊತ್ತಾಯ್ತು. ಅಷ್ಟು ಬೇಗ ಹೇಗೆ ಸಾಧ್ಯ ಆಯ್ತು ಅಂದ್ರೆ ಆ ಸೆಂಟರ್ 1952ರಲ್ಲೇ ಶುರುವಾಗಿತ್ತು, ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ನಡೆಸ್ತಿದ್ರು, ಅಂದ್ರೆ ಕಾಯಿಲೆ ಬರೋಕೆ ಐದು ವರ್ಷ ಮುಂಚೆನೇ ಲ್ಯಾಬ್ ಇತ್ತು, ಸಂಬಳ ತಗೊಳ್ಳೋ ಜನ ಇದ್ರು, ಮೈಕ್ರೋಸ್ಕೋಪ್ ಇತ್ತು. ಈ ಒಂದು ವಿಷಯ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲು ರಷ್ಯಾ ಕಡೆಯ ಅದೇ ಜಾತಿಯ ಇನ್ನೊಂದು ವೈರಸ್‌ಗೆ ಮಾಡಿದ್ದ ಲಸಿಕೆನ ಇಲ್ಲಿ ಹಾಕಿ ನೋಡಿದ್ರು, ಕೆಲಸ ಮಾಡ್ಲಿಲ್ಲ. ಆಮೇಲೆ ನಮ್ಮದೇ ವೈರಸ್‌ನ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ ಹಾಕಿ ಸಾಯಿಸಿ ಲಸಿಕೆ ಮಾಡಿದ್ರು. 1990ರ ದಶಕದ ಶುರುವಿನ ಫೀಲ್ಡ್ ಟ್ರಯಲ್‌ನಲ್ಲಿ ಎರಡು ಡೋಸ್ ತಗೊಂಡವ್ರಿಗೆ 90 ಪರ್ಸೆಂಟ್‌ಗಿಂತ ಜಾಸ್ತಿ ರಕ್ಷಣೆ ಸಿಕ್ತು. ಒಳ್ಳೆ ರಿಸಲ್ಟ್. ಬೆಂಗಳೂರಿನ ಹೆಬ್ಬಾಳದಲ್ಲಿರೋ ರಾಜ್ಯ ಸರ್ಕಾರದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಅದನ್ನ ತಯಾರಿಸಿ ಮಲೆನಾಡಿಗೆ ಕಳಿಸ್ತಿದ್ರು. ಎರಡು ಡೋಸ್, ಆಮೇಲೆ ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ. ಚುಚ್ಚಿದ ಜಾಗ ತುಂಬಾ ನೋಯ್ತಿತ್ತು, ಹಾಗಾಗಿ ಎಷ್ಟೋ ಜನ ಎರಡನೇ ಡೋಸ್‌ಗೇ ಬರ್ತಿರ್ಲಿಲ್ಲ, ಕೂಲಿ ಬಿಟ್ಟು ಬಂದು ಕೈ ನೋಯಿಸ್ಕೊಂಡು ಮತ್ತೆ ಮಾರನೇ ದಿನಾನೂ ಕೂಲಿ ಕಳ್ಕೊಳ್ಳೋದು ಅಂದ್ರೆ ಯಾರಿಗೆ ತಾನೇ ಆಗುತ್ತೆ.

2005ರಿಂದ 2010ರವರೆಗಿನ ಲೆಕ್ಕ ತೆಗೆದು 2013ರಲ್ಲಿ ಒಂದು ಅಧ್ಯಯನ ಬಂತು. ಎರಡು ಡೋಸ್‌ನ ರಕ್ಷಣೆ ಸುಮಾರು 62 ಪರ್ಸೆಂಟ್‌ಗೆ ಇಳಿದಿತ್ತು. ಬೂಸ್ಟರ್ ಕೂಡ ತಗೊಂಡಿದ್ರೆ 80ರ ಮೇಲೆ. ಅಂದ್ರೆ ಲಸಿಕೆ ಬಲ ಕಳ್ಕೊಳ್ತಿದೆ ಅನ್ನೋದು ಕಾಗದದ ಮೇಲೆ ಸ್ಪಷ್ಟವಾಗಿ ಬಂತು. ಅಷ್ಟೊತ್ತಿಗೆ ಕಾಯಿಲೆನೂ ಶಿವಮೊಗ್ಗ ದಾಟಿ ಚಾಮರಾಜನಗರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದುದ್ದಕ್ಕೂ ಕಾಣಿಸ್ಕೊಳ್ಳೋಕೆ ಶುರುವಾಯ್ತು. 2018ರ ಕೊನೆ, 2019ರ ಶುರುವಿನಲ್ಲಿ ಸಾಗರ ತಾಲೂಕಿನ ಅರಳಗೋಡಲ್ಲಿ ಆದ ಸಾವುಗಳು ಆ ಕಡೆಯವ್ರಿಗೆ ಮರೆಯೋಕಾಗಲ್ಲ, ಒಂದೇ ಪಂಚಾಯ್ತಿ, ವಾರಕ್ಕೊಂದು ಸಾವಿನ ಸುದ್ದಿ. 2022ರಲ್ಲಿ ಹಳೇ ಲಸಿಕೆ ಕೊಡೋದನ್ನೇ ನಿಲ್ಲಿಸಿದ್ರು. ಈಗ ಐಸಿಎಂಆರ್ ಮತ್ತೆ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡ್ತಿದಾರೆ. ಅಲ್ಲಿವರೆಗೆ ಡೇಪಾ ಎಣ್ಣೆ.

ನನ್ನನ್ನ ತುಂಬಾ ಕಾಡೋದು 2013ಕ್ಕೂ 2022ಕ್ಕೂ ನಡುವಿನ ಅಂತರ. ಲಸಿಕೆ ಸೋಲ್ತಿದೆ ಅಂತ ಗೊತ್ತಾದ ದಿನದಿಂದ ಅದನ್ನ ನಿಲ್ಲಿಸೋ ದಿನದವರೆಗೆ ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲಿ ಬದಲಿ ಲಸಿಕೆ ರೆಡಿ ಆಗಿರ್ಬೇಕಿತ್ತು. ವಿಜ್ಞಾನಿಗಳಿಗೆ ಬುದ್ಧಿ ಇರ್ಲಿಲ್ಲ ಅಂತಲ್ಲ. ಈ ಕಾಯಿಲೆ ಬರೋದು ವರ್ಷಕ್ಕೆ ಕೆಲವು ನೂರು ಜನಕ್ಕೆ, ಅದೂ ಕಾಡಂಚಿನ ಕೂಲಿಯವ್ರು, ಸಣ್ಣ ಹಿಡುವಳಿಯವ್ರು. ಯಾವ ಕಂಪನಿ ಲೆಕ್ಕ ಹಾಕಿದ್ರೂ ಇದ್ರಲ್ಲಿ ಲಾಭ ಇಲ್ಲ. ವೈರಸ್ ಬೇರೆ ಅಪಾಯದ್ದು, ದೊಡ್ಡ ಮಟ್ಟದ ಸುರಕ್ಷತೆ ಇರೋ ಲ್ಯಾಬ್ ಬೇಕು, ಅಂಥ ಲ್ಯಾಬ್‌ನ ಒಂದು ವರ್ಷ ನಡೆಸೋ ಖರ್ಚೇ ಸಣ್ಣ ಕಂಪನಿ ಮುಳುಗಿಸುತ್ತೆ. ಇಂಥ ಕೆಲಸಕ್ಕೆ ಸರ್ಕಾರದ ದುಡ್ಡು ಬಿಟ್ರೆ ಬೇರೆ ದುಡ್ಡೇ ಇಲ್ಲ, ಆ ದುಡ್ಡೂ ಸಾವಿನ ಸುದ್ದಿ ಪೇಪರಲ್ಲಿ ಬಂದಾಗ ಹರಿದು, ಮಳೆಗಾಲ ಶುರುವಾದ ಮೇಲೆ ಬತ್ತಿ ಹೋಗೋ ಥರ ಇದ್ರೆ ಲಸಿಕೆ ಹೇಗೆ ಬರುತ್ತೆ.

ಈಗ ದೇಶದ ಲೆಕ್ಕಕ್ಕೆ ಬರೋಣ. 2010–11ರಲ್ಲಿ ಸಂಶೋಧನೆಗೆ ದೇಶ ಒಟ್ಟು ಖರ್ಚು ಮಾಡಿದ್ದು ಸುಮಾರು 60,197 ಕೋಟಿ, 2020–21ರಲ್ಲಿ 1,27,381 ಕೋಟಿ. ಡಬಲ್ ಆಯ್ತು ಅಂತ ಸರ್ಕಾರ ಹೇಳುತ್ತೆ, ಅದು ನಿಜಾನೇ. ಆದ್ರೆ ಜಿಡಿಪಿ ಅದಕ್ಕಿಂತ ಜಾಸ್ತಿ ಬೆಳೆದಿದ್ರಿಂದ ಜಿಡಿಪಿಯಲ್ಲಿ ಸಂಶೋಧನೆ ಖರ್ಚಿನ ಪಾಲು 0.64 ಪರ್ಸೆಂಟ್‌ಗೆ ಇಳೀತು, ಅದಕ್ಕೂ ಒಂದು ದಶಕ ಮುಂಚೆ 0.8ರ ಹತ್ರ ಇತ್ತು. ಚೀನಾ 2.4ಕ್ಕಿಂತ ಮೇಲೆ, ಅಮೆರಿಕ 3.5ರ ಆಸುಪಾಸು, ದಕ್ಷಿಣ ಕೊರಿಯಾ 5ರ ಹತ್ರ. ಎರಡು ಪರ್ಸೆಂಟ್ ಮಾಡ್ತೀವಿ ಅಂತ 2003ರ ವಿಜ್ಞಾನ ನೀತಿಯಲ್ಲಿ ಬರೆದ್ರು, 2013ರ ನೀತಿಯಲ್ಲಿ ಮತ್ತೆ ಬರೆದ್ರು, ಎರಡೂ ಬೇರೆ ಬೇರೆ ಪಕ್ಷದ ಸರ್ಕಾರಗಳು, ಹಾಗಾಗಿ ಇದನ್ನ ಒಂದು ಪಕ್ಷದ ತಲೆಗೆ ಕಟ್ಟೋಕಾಗಲ್ಲ. 2017ರ ಆಗಸ್ಟ್ 9ಕ್ಕೆ ವಿಜ್ಞಾನಿಗಳೇ ಬೀದಿಗಿಳಿದು 3 ಪರ್ಸೆಂಟ್ ಕೊಡಿ ಅಂತ ಕೇಳಿದ್ರು, ಬೆಂಗಳೂರಲ್ಲೂ ಮೆರವಣಿಗೆ ಆಯ್ತು.

ಇಷ್ಟು ಕಮ್ಮಿ ದುಡ್ಡಲ್ಲೂ ಅದು ಹೋಗೋದು ಎಲ್ಲಿಗೆ ಅಂತ ನೋಡ್ಬೇಕು. ಕೇಂದ್ರದ ಮುಖ್ಯ ವಿಜ್ಞಾನ ಏಜೆನ್ಸಿಗಳ ಖರ್ಚಲ್ಲಿ ಡಿಆರ್‌ಡಿಓ (ರಕ್ಷಣಾ ಸಂಶೋಧನೆ), ಬಾಹ್ಯಾಕಾಶ, ಅಣುಶಕ್ತಿ ಈ ಮೂರೇ ಸೇರಿ ಸುಮಾರು 60 ಪರ್ಸೆಂಟ್. ಐಸಿಎಂಆರ್ ಪಾಲು ತೀರಾ ಚಿಕ್ಕದು. ನಾನು ರಾಕೆಟ್ ಬೇಡ ಅಂತ ಹೇಳೋನಲ್ಲ, ಚಂದ್ರಯಾನ-3 ಇಳಿದಾಗ ನಮ್ಮನೇಲೂ ಎಲ್ರೂ ಟೀವಿ ಮುಂದೆ ಕೂತು ಕಣ್ಣೀರು ಹಾಕಿದ್ವಿ, ಅದಕ್ಕಾಗಿದ್ದು 600 ಕೋಟಿ ಚಿಲ್ಲರೆ, ಅದು ದುಂದು ಅಲ್ವೇ ಅಲ್ಲ. ಇನ್ನೊಂದು ಮಾತೂ ಹೇಳ್ಬೇಕು, ನಮ್ಮ ದೊಡ್ಡಮ್ಮನ ಗೂಡಲ್ಲಿರೋ ಡೇಪಾ ಎಣ್ಣೆ ಇದ್ಯಲ್ಲ, ಅದ್ರ ಮೂಲ ಸೈನಿಕರಿಗೆ ಸೊಳ್ಳೆ ಉಣುಗು ಕಚ್ಚದ ಹಾಗೆ ಅಂತ ಗ್ವಾಲಿಯರ್‌ನ ಡಿಆರ್‌ಡಿಓ ಲ್ಯಾಬ್‌ನಲ್ಲಿ ಕಂಡುಹಿಡಿದ ಔಷಧ. ರಕ್ಷಣೆಗೆ ಅಂತ ಹಾಕಿದ ದುಡ್ಡು ಕೊನೆಗೆ ಸೊಪ್ಪು ತರೋ ಹೆಂಗಸಿನ ಕೈಗೆ ಬಂತು. ಸಂಶೋಧನೆ ದುಡ್ಡು ಹೀಗೆ ಎಲ್ಲೋ ಹಾಕಿದ್ರೆ ಎಲ್ಲೋ ಚಿಗುರುತ್ತೆ. ಆದ್ರೆ ಎಣ್ಣೆ ಬಂದಿದ್ದು ಆ ಲ್ಯಾಬ್ ದಶಕಗಳ ಕಾಲ ಬಾಗಿಲು ತೆಗೆದಿತ್ತು ಅನ್ನೋ ಕಾರಣಕ್ಕೆ, ಲಸಿಕೆ ಬಾರದೇ ಇದ್ದಿದ್ದು ಅದಕ್ಕೆ ಅಂತಾನೇ ಅಂಥ ನಿರಂತರ ದುಡ್ಡು ಇಲ್ಲದ ಕಾರಣಕ್ಕೆ.

ಖಾಸಗಿಯವ್ರು ಹಾಕ್ಲಿ ಅಂತ ಒಂದು ವಾದ ಇದೆ. ಅದ್ರಲ್ಲಿ ಅರ್ಧ ಸತ್ಯ ಇದೆ. ನಮ್ಮಲ್ಲಿ ಸಂಶೋಧನೆ ಖರ್ಚಲ್ಲಿ ಖಾಸಗಿ ಕಂಪನಿಗಳ ಪಾಲು ಸುಮಾರು 36 ಪರ್ಸೆಂಟ್, ಮುಂದುವರಿದ ದೇಶಗಳಲ್ಲಿ 70 ದಾಟಿರುತ್ತೆ. ಬೆಂಗಳೂರಲ್ಲಿ ಇಷ್ಟು ಕಂಪನಿ ಇಟ್ಕೊಂಡು ಇಷ್ಟು ಕಮ್ಮಿ ಅನ್ನೋದು ಬೇಜಾರಿನ ವಿಷಯಾನೇ. ಸರ್ಕಾರ ಇದನ್ನ ಸರಿ ಮಾಡೋಕೆ ಎರಡು ದೊಡ್ಡ ಹೆಜ್ಜೆ ಇಟ್ಟಿದೆ. ಒಂದು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಎಎನ್‌ಆರ್‌ಎಫ್. 2019ರ ಬಜೆಟ್‌ನಲ್ಲಿ ಮೊದಲ ಸಲ ಹೇಳಿದ್ರು, 2021ರ ಬಜೆಟ್‌ನಲ್ಲಿ ಐದು ವರ್ಷಕ್ಕೆ 50,000 ಕೋಟಿ ಅಂದ್ರು, ಕಾಯ್ದೆ ಆಗಿದ್ದು 2023ರಲ್ಲಿ, ಜಾರಿಗೆ ಬಂದಿದ್ದು 2024ರ ಫೆಬ್ರವರಿ. ಅಷ್ಟೊತ್ತಿಗೆ ಆ 50,000 ಕೋಟಿಯಲ್ಲಿ ಸರ್ಕಾರದ ಪಾಲು 14,000 ಕೋಟಿ ಅಂತಾಯ್ತು, ಮಿಕ್ಕ 36,000 ಕೋಟಿ ಕಂಪನಿಗಳು, ದಾನಿಗಳು ಮುಂತಾದವ್ರಿಂದ ಬರ್ಬೇಕು. ಬರುತ್ತಾ ಅನ್ನೋದೇ ಪ್ರಶ್ನೆ, ಯಾಕಂದ್ರೆ ಇಷ್ಟು ವರ್ಷ ಸ್ವಂತ ಪ್ರಾಡಕ್ಟ್‌ನ ಸಂಶೋಧನೆಗೇ ಕೈ ಬಿಚ್ಚದವ್ರು ಇನ್ನೊಬ್ಬರ ಮೂಲವಿಜ್ಞಾನಕ್ಕೆ ದುಡ್ಡು ಕೊಡ್ತಾರೆ ಅಂತ ನಂಬೋಕೆ ಕಾರಣ ಬೇಕು.

ಎರಡನೇದು 1 ಲಕ್ಷ ಕೋಟಿಯ ಆರ್‌ಡಿಐ (ಸಂಶೋಧನೆ, ಅಭಿವೃದ್ಧಿ, ಇನ್ನೊವೇಶನ್) ಯೋಜನೆ, 2025ರ ಜುಲೈನಲ್ಲಿ ಕ್ಯಾಬಿನೆಟ್ ಒಪ್ಪಿತು, ನವೆಂಬರ್‌ನಲ್ಲಿ ಶುರುವಾಯ್ತು. ಹೆಡ್‌ಲೈನ್ ನೋಡಿ ನಾನೂ ಖುಷಿ ಪಟ್ಟಿದ್ದೆ. ಒಳಗೆ ಓದಿದ್ರೆ ಇದು ಗ್ರಾಂಟ್ ಅಲ್ಲ, ಕಮ್ಮಿ ಬಡ್ಡಿ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲ, ಇಲ್ಲಾಂದ್ರೆ ಶೇರು ಬಂಡವಾಳ, ಅದೂ ಲ್ಯಾಬ್‌ನಲ್ಲಿ ಒಂದು ಹಂತ ದಾಟಿ ಪ್ರಾಡಕ್ಟ್ ಕಡೆ ಹೊರಟಿರೋ ತಂತ್ರಜ್ಞಾನಕ್ಕೆ ಮಾತ್ರ. ಕೆಟ್ಟ ಯೋಜನೆ ಅಂತ ನಾನು ಹೇಳಲ್ಲ, ಬ್ಯಾಂಕ್‌ಗಳು ಕೈ ಹಿಡಿಯದ ಕಂಪನಿಗಳಿಗೆ ಇದು ನಿಜವಾಗ್ಲೂ ಬೇಕು. ಆದ್ರೆ ಸಾಲ ಅಂದ ಮೇಲೆ ವಾಪಸ್ ಕೊಡ್ಬೇಕು, ವಾಪಸ್ ಕೊಡೋಕೆ ಮಾರ್ಬೇಕು, ಮಾರೋಕೆ ಕೊಳ್ಳೋರು ಬೇಕು. ಅರಳಗೋಡಿನ ಕೂಲಿಯವ್ರು ಕೊಳ್ಳೋರಲ್ಲ.

ಕೊಳ್ಳೋರಿಲ್ಲದ ಸಂಶೋಧನೆಗೆ ಸರ್ಕಾರ ನಿಂತ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ, ಮುದ್ದೆ ಉಣ್ಣೋರೆಲ್ಲ ತಿಳ್ಕೊಂಡಿರ್ಬೇಕಾದ್ದು. ಮಂಡ್ಯದ ವಿ.ಸಿ. ಫಾರಂ ಅನ್ನೋ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯ ಅಂತ ಇದ್ರು, ರಾಗಿ ಬ್ರಹ್ಮ ಅಂತ ಹೆಸರಾದವ್ರು. ರಾಗಿ ಹೂವು ಎಷ್ಟು ಚಿಕ್ಕದು ಅಂದ್ರೆ ಬರಿಗಣ್ಣಿಗೆ ಅದ್ರ ಭಾಗಗಳು ಸರಿಯಾಗಿ ಕಾಣಲ್ಲ, ಜೊತೆಗೆ ಅದು ತನ್ನಲ್ಲೇ ಪರಾಗಸ್ಪರ್ಶ ಮಾಡ್ಕೊಂಡು ಬಿಡುತ್ತೆ, ಹಾಗಾಗಿ ಎರಡು ತಳಿ ಸೇರಿಸಿ ಹೊಸ ತಳಿ ಮಾಡೋದು ಆಗದ ಕೆಲಸ ಅಂತಾನೇ ಅಂದ್ಕೊಂಡಿದ್ರು. ಅವ್ರು ವರ್ಷಗಟ್ಟಲೆ ತೆನೆ ಮುಂದೆ ಕೂತು, ತೆನೆಗೆ ತೆನೆ ಕಟ್ಟಿ, ಸಾವಿರಾರು ಗಿಡದಲ್ಲಿ ಒಂದೆರಡು ಬೆರಕೆ ಆಗಿದ್ದನ್ನ ಹುಡುಕಿ ಆರಿಸಿ ಮುಂದಿನ ವರ್ಷಕ್ಕೆ ಬಿತ್ತಿ, ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಹೀಗೆ ಒಂದಾದ ಮೇಲೊಂದು ತಳಿ ಕೊಟ್ರು. ಆಮೇಲೆ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿದ್ರು, ಇಂಡಿಯಾದ ಇಂಡ್, ಆಫ್ರಿಕಾದ ಆಫ್, ಅದೇ ಇಂಡಾಫ್. ಇಳುವರಿ ಎಷ್ಟು ಜಾಸ್ತಿ ಆಯ್ತು ಅಂತ ಹಳೇ ಮೈಸೂರು ಕಡೆ ಯಾವ ಹಿರಿ ರೈತರನ್ನ ಕೇಳಿದ್ರೂ ಹೇಳ್ತಾರೆ.

ರಾಗಿ ಬೀಜ ರೈತ ತನ್ನ ಕಣದಲ್ಲೇ ಉಳಿಸ್ಕೊಳ್ತಾನೆ, ಪ್ರತಿ ವರ್ಷ ಅಂಗಡಿಗೆ ಬರಲ್ಲ. ಹಾಗಾಗಿ ಬೀಜದ ಕಂಪನಿಗೆ ರಾಗಿ ಬೇಡ. ಆದ್ರೂ ಸರ್ಕಾರಿ ಫಾರಂ ಲಕ್ಷ್ಮಣಯ್ಯನವ್ರಿಗೆ ದಶಕಗಳ ಕಾಲ ತಿಂಗಳ ಸಂಬಳ, ಬೆಳೆಯೋಕೆ ಜಾಗ, ಕೆಲಸಕ್ಕೆ ಆಳು ಕೊಡ್ತು, ಈ ವರ್ಷ ಏನು ಪ್ರಾಡಕ್ಟ್ ಕೊಟ್ರಿ ಅಂತ ಕುತ್ತಿಗೆ ಹಿಡೀಲಿಲ್ಲ. ಅದೇ ದಾರೀಲಿ ಮುಂದೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಿಂದ ಬೆಂಕಿ ರೋಗ ತಡೆಯೋ ಜಿಪಿಯು-28 ಬಂತು, ಈಗ್ಲೂ ಹೊಲಗಳಲ್ಲಿ ಇದೆ. ಮೊತ್ತ ದೊಡ್ಡದಿರ್ಲಿಲ್ಲ. ನಿಲ್ಲದೆ ಬರ್ತಿತ್ತು, ಅಷ್ಟೇ ವ್ಯತ್ಯಾಸ.

ಈಗ ದುಡ್ಡು ಬರೋ ರೀತಿ ಹೇಗಿದೆ ಅಂತ ನನ್ನ ಕಸಿನ್ ಒಬ್ಬಳಿಂದ ಹತ್ತಿರದಲ್ಲಿ ನೋಡಿದೀನಿ. ಅವಳು ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ಲು, ಎಲ್ಲಿ ಅಂತ ಹೇಳೋದು ಬೇಡ. ಪ್ರಾಜೆಕ್ಟ್ ಮಂಜೂರಾದ ಪತ್ರ ಬರುತ್ತೆ, ದುಡ್ಡು ಬರಲ್ಲ. ಬರೋದು ಡಿಸೆಂಬರ್ ಜನವರಿಗೆ, ಮಾರ್ಚ್ 31ರೊಳಗೆ ಖರ್ಚು ಮಾಡ್ಬೇಕು, ಇಲ್ಲಾಂದ್ರೆ ಖಾತೆ ಸೊನ್ನೆ ಆಗಿ ದುಡ್ಡು ವಾಪಸ್. ಕೆಮಿಕಲ್ ಆರ್ಡರ್ ಮಾಡಿದ್ರೆ ಬರೋಕೆ ಮೂರು ತಿಂಗಳು, ಬಿಲ್ ಮಾರ್ಚ್ ಒಳಗೆ ಬೇಕು. ಖರ್ಚಾಗದಿದ್ರೆ ನಿಮಗೆ ದುಡ್ಡು ಬೇಕಾಗಿಲ್ಲ ಅಂತ ಮುಂದಿನ ವರ್ಷದ್ದು ಕಮ್ಮಿ. ದುಡ್ಡು ಹೇಗೆ ಖರ್ಚಾಯ್ತು ಅಂತ ಲೆಕ್ಕ ಕೊಡೋ ಯುಟಿಲೈಸೇಶನ್ ಸರ್ಟಿಫಿಕೇಟ್ ಕಳಿಸಿದ್ರೆ ಅದ್ರಲ್ಲಿ ಒಂದು ಸೀಲ್ ಇಲ್ಲ ಅಂತ ವಾಪಸ್, ಇಷ್ಟರಲ್ಲಿ ಫೆಲೋಶಿಪ್ ಎಂಟು ತಿಂಗಳಿಂದ ಬಂದಿಲ್ಲ, ಹಾಸ್ಟೆಲ್ ಫೀಸ್ ಅಪ್ಪನ ಹತ್ರ ಕೇಳ್ಬೇಕು, 28 ವರ್ಷದ ಹುಡುಗಿ. ಒಂದು ಸಲ ಮೈನಸ್ 80ರ ಫ್ರೀಜರ್ ಕೆಟ್ಟು, ರಿಪೇರಿಗೆ ಅಂತ ಪ್ರಾಜೆಕ್ಟ್ ಲೆಕ್ಕದಲ್ಲಿ ದುಡ್ಡಿಟ್ಟಿಲ್ಲ ಅಂತ ಫೈಲ್ ಓಡಾಡೋಷ್ಟರಲ್ಲಿ ಎರಡು ವರ್ಷದ ಸ್ಯಾಂಪಲ್ ಹೋಯ್ತು. ರಾತ್ರಿ ಫೋನ್ ಮಾಡಿ ಅತ್ತಿದ್ದು ನನಗೆ ಈಗ್ಲೂ ನೆನಪಿದೆ. ಇದು ಅವಳೊಬ್ಬಳ ಕಥೆಯಲ್ಲ, 2024–25ರಲ್ಲಿ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫೆಲೋಶಿಪ್‌ನವ್ರು ತಿಂಗಳುಗಟ್ಟಲೆ ದುಡ್ಡು ಬಂದಿಲ್ಲ ಅಂತ ಬಹಿರಂಗವಾಗೇ ಹೇಳ್ಕೊಂಡ್ರು.

ಟ್ಯಾಕ್ಸ್ ವಿಷಯಾನೂ ಹಾಗೇ. ಸರ್ಕಾರಿ ಸಂಶೋಧನಾ ಸಂಸ್ಥೆಗಳು ಕೊಳ್ಳೋ ಉಪಕರಣಕ್ಕೆ 5 ಪರ್ಸೆಂಟ್ ಜಿಎಸ್‌ಟಿ ಇತ್ತು, 2022ರ ಜುಲೈನಲ್ಲಿ ಆ ರಿಯಾಯಿತಿ ತೆಗೆದು 18ರವರೆಗೂ ಏರಿಸಿದ್ರು. 1 ಕೋಟಿಯ ಮಷೀನ್‌ಗೆ 13 ಲಕ್ಷ ಜಾಸ್ತಿ. ಪಿಎಚ್‌ಡಿ ಶುರು ಮಾಡೋರಿಗೆ ಕೊಡೋ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಅಂದ್ರೆ 13 ಲಕ್ಷದಲ್ಲಿ ಒಬ್ಬ ವಿದ್ಯಾರ್ಥಿಯನ್ನ ಹತ್ರ ಹತ್ರ ಮೂರು ವರ್ಷ ಇಟ್ಕೊಳ್ಬಹುದಿತ್ತು. ಸರ್ಕಾರದ ಒಂದು ಜೇಬಿಂದ ಇನ್ನೊಂದು ಜೇಬಿಗೆ ಹೋಗೋ ದುಡ್ಡು, ನಡುವೆ ಲ್ಯಾಬ್ ಬಡವಾಗುತ್ತೆ. 2025ರ ಸೆಪ್ಟೆಂಬರ್‌ನಲ್ಲಿ ರಾಸಾಯನಿಕ, ಭೌತಿಕ ವಿಶ್ಲೇಷಣೆಯ ಹಲವು ಉಪಕರಣಗಳನ್ನ ಮತ್ತೆ 5ಕ್ಕೆ ಇಳಿಸಿದ್ರು, ಒಳ್ಳೇದಾಯ್ತು. 2025ರ ಜೂನ್‌ನಲ್ಲಿ ಖರೀದಿ ನಿಯಮಾನೂ ಸಡಿಲ ಮಾಡಿದ್ರು, ಟೆಂಡರ್ ಇಲ್ಲದೆ ನೇರ ಕೊಳ್ಳೋ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಹೋಯ್ತು, 200 ಕೋಟಿವರೆಗಿನ ಗ್ಲೋಬಲ್ ಟೆಂಡರ್‌ಗೆ ಸಂಸ್ಥೆಯ ನಿರ್ದೇಶಕರೇ, ಕುಲಪತಿಗಳೇ ಒಪ್ಪಿಗೆ ಕೊಡ್ಬಹುದು ಅಂತಾಯ್ತು. ಇವೆಲ್ಲ ಹೆಡ್‌ಲೈನ್ ಆಗದ ಬದಲಾವಣೆ, ಆದ್ರೆ ನನ್ನ ಪ್ರಕಾರ ಲಕ್ಷ ಕೋಟಿ ಘೋಷಣೆಗಿಂತ ಲ್ಯಾಬ್‌ನಲ್ಲಿ ಕೆಲಸ ಮಾಡೋರಿಗೆ ಇದೇ ದೊಡ್ಡ ಸಹಾಯ.

ರಾಜ್ಯ ಸರ್ಕಾರಗಳ ಬಗ್ಗೆ ಒಂದು ಮಾತು. ದೇಶದ ಸಂಶೋಧನೆ ಖರ್ಚಲ್ಲಿ ಎಲ್ಲಾ ರಾಜ್ಯಗಳೂ ಸೇರಿ ಹಾಕೋದು 7 ಪರ್ಸೆಂಟ್ ಕೂಡ ಇಲ್ಲ. ಒಂದು ಕಾಲದಲ್ಲಿ ಮೈಸೂರು ಸಂಸ್ಥಾನ ಐಐಎಸ್‌ಸಿಗೆ 371 ಎಕರೆ ಜಾಗ ಕೊಟ್ಟು, ವರ್ಷ ವರ್ಷ ದುಡ್ಡೂ ಕೊಟ್ಟ ಊರು ನಮ್ಮದು. ಮಂಗನ ಕಾಯಿಲೆ ದಿಲ್ಲಿಯವ್ರಿಗೆ ದೂರದ ಸುದ್ದಿ, ನಮಗೆ ಮನೆ ಬಾಗಿಲಿನ ವಿಷಯ. ಶಿವಮೊಗ್ಗದಲ್ಲಿ ವೈರಸ್ ಪರೀಕ್ಷೆ ಮಾಡೋ ಲ್ಯಾಬ್ ಇದೆ, ವರ್ಷಗಟ್ಟಲೆ ಕಾಡು ಸುತ್ತಿ ಸತ್ತ ಮಂಗದ, ಉಣುಗಿನ ಸ್ಯಾಂಪಲ್ ತಂದ ಫೀಲ್ಡ್ ಸಿಬ್ಬಂದಿ ಇದಾರೆ, ಅವ್ರಿಗೆ ಗೊತ್ತಿರೋಷ್ಟು ಈ ಕಾಯಿಲೆ ಬಗ್ಗೆ ಯಾವ ಪುಸ್ತಕದಲ್ಲೂ ಇಲ್ಲ. ಅವ್ರು ರಿಟೈರ್ ಆದ ಜಾಗಕ್ಕೆ ಕಾಯಂ ಜನ ತಗೊಳ್ದೆ ಹೋದ್ರೆ ಆ ತಿಳುವಳಿಕೆ ಅವ್ರ ಜೊತೆಗೇ ಹೋಗುತ್ತೆ, ಅದನ್ನ ಆಮೇಲೆ ಯಾವ ಪ್ಯಾಕೇಜ್ ಘೋಷಿಸಿದ್ರೂ ಕೊಳ್ಳೋಕಾಗಲ್ಲ.

ಹೊಸ ಲಸಿಕೆಗೂ ಇದೇ ಪರೀಕ್ಷೆ ಕಾದಿದೆ. ಪ್ರಾಣಿಗಳ ಮೇಲೆ ಸರಿ ಬಂದು, ಮನುಷ್ಯರಲ್ಲಿ ಸುರಕ್ಷಿತ ಅಂತ ಆದ ಮೇಲೂ ಅದು ಕಾಯಿಲೆ ತಡೆಯುತ್ತಾ ಅಂತ ನೋಡೋಕೆ ಊರುಗಳಲ್ಲೇ ಟ್ರಯಲ್ ಆಗ್ಬೇಕು. ಈ ಕಾಯಿಲೆ ಒಂದು ವರ್ಷ ಸಾಗರದ ಒಂದು ಪಂಚಾಯ್ತಿಯಲ್ಲಿ ಬಂದ್ರೆ ಮುಂದಿನ ವರ್ಷ ಸಿದ್ದಾಪುರದಲ್ಲೋ ಕೊಪ್ಪದಲ್ಲೋ ಕಾಣಿಸ್ಕೊಳ್ಳುತ್ತೆ, ಮಳೆಗಾಲದಲ್ಲೇ ಡೋಸ್ ಕೊಟ್ಟು ಮುಗಿಸಿ ಬೇಸಿಗೆವರೆಗೆ ಕಾದ್ರೆ ಆ ಊರಲ್ಲಿ ಆ ವರ್ಷ ಒಂದು ಕೇಸೂ ಬರ್ದೇ ಇರ್ಬಹುದು, ಆಗ ಲಸಿಕೆ ಕೆಲಸ ಮಾಡ್ತೋ ಇಲ್ಲ ಕಾಯಿಲೆನೇ ಬರ್ಲಿಲ್ವೋ ಅಂತ ಹೇಳೋಕಾಗಲ್ಲ. ಹಾಗಾಗಿ ಹತ್ತಾರು ಪಂಚಾಯ್ತಿಗಳಲ್ಲಿ, ಮೂರ್ನಾಲ್ಕು ಸೀಸನ್, ಅದೇ ತಂಡ, ಅದೇ ಲ್ಯಾಬ್, ಮಾರ್ಚ್ 31ಕ್ಕೆ ವಾಪಸ್ ಹೋಗದ ದುಡ್ಡು ಬೇಕು. ಯಾಕಂದ್ರೆ ಮಾರ್ಚ್ 31 ಅಂದ್ರೆ ಮಂಗನ ಕಾಯಿಲೆಯ ಸೀಸನ್ ಇನ್ನೂ ಜೋರಾಗಿರೋ ಹೊತ್ತು.